ಅಡುಗೆಮನೆಯ ಪ್ರಯೋಗಾಲಯ, ಬೆರಳುದ್ದದ ಕುದುರೆ

ಯುರೋಪಿಗೆ ಓದಲು ಹೊರಡುವ ನಮ್ಮ ಕಡೆಯ ವಿದ್ಯಾರ್ಥಿಗಳ ಬಳಿ, ನೋಡಬೇಕಾದ ಊರುಗಳ ಪಟ್ಟಿಯೊಂದು ವಿಮಾನ ಹತ್ತುವ ಮೊದಲೇ ಸಿದ್ಧವಾಗಿರುತ್ತದೆ. ಪ್ಯಾರಿಸ್, ರೋಮ್, ಬರ್ಲಿನ್, ಪ್ರಾಗ್ ಅದರಲ್ಲಿ ಇದ್ದೇ ಇರುತ್ತವೆ. ನಾನೂ ಅವುಗಳಲ್ಲಿ ಕೆಲವನ್ನು ನೋಡಿ ಬಂದಿದ್ದೇನೆ. ಅಲ್ಲಿನ ಮ್ಯೂಸಿಯಂಗಳು ದೊಡ್ಡವು, ನೋಡಲೇಬೇಕಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜರ್ಮನಿಯ ನನ್ನ ವಿದ್ಯಾರ್ಥಿ ದಿನಗಳಲ್ಲಿ ನನ್ನ ಓದಿಗೆ, ಯೋಚನೆಗೆ ನಿಜವಾಗಿ ಒದಗಿ ಬಂದದ್ದು ನಾನಿದ್ದ ಟ್ಯೂಬಿಂಗನ್ ಎಂಬ ಚಿಕ್ಕ ಊರು ಮತ್ತು ಅದರ ಆಸುಪಾಸಿನ ಸಣ್ಣ ಸಣ್ಣ ಸಂಗ್ರಹಾಲಯಗಳು. ದೊಡ್ಡ ಮ್ಯೂಸಿಯಂಗಳಲ್ಲಿ ನಾವು ನೋಡುವುದು ಹೆಚ್ಚಾಗಿ ವಸ್ತುಗಳನ್ನು. ಇಲ್ಲಿ ನಾನು ಕಂಡದ್ದು ಕೆಲಸವನ್ನು: ಯಾರೋ ಒಬ್ಬರು ವರ್ಷಗಟ್ಟಲೆ ಕುಳಿತು, ನಿಂತು, ಬಗ್ಗಿ ಮಾಡಿದ ಕೆಲಸವನ್ನು, ಅದು ನಡೆದ ಜಾಗದಲ್ಲೇ ಅಥವಾ ಅದರ ತೀರ ಹತ್ತಿರದಲ್ಲೇ.

ಟ್ಯೂಬಿಂಗನ್ ಇರುವುದು ಜರ್ಮನಿಯ ನೈಋತ್ಯ ಭಾಗದ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ನೆಕಾರ್ ನದಿಯ ದಂಡೆಯ ಮೇಲೆ. ಜನಸಂಖ್ಯೆ ಸುಮಾರು ತೊಂಬತ್ತು ಸಾವಿರ. ಅದರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1477ರಲ್ಲಿ. ಎರಡನೇ ಮಹಾಯುದ್ಧದ ಬಾಂಬುಗಳಿಂದ ಊರು ಬಹುಮಟ್ಟಿಗೆ ಉಳಿದುಕೊಂಡದ್ದರಿಂದ ಹಳೆಯ ಓಣಿಗಳು, ಮರದ ಚೌಕಟ್ಟಿನ ಇಳಿಜಾರು ಮಾಳಿಗೆಯ ಮನೆಗಳು ಇಂದಿಗೂ ಹಾಗೆಯೇ ಇವೆ. ಖಗೋಳವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿ. ದಾರ್ಶನಿಕರಾದ ಹೆಗೆಲ್ ಮತ್ತು ಶೆಲಿಂಗ್, ಕವಿ ಹೋಲ್ಡರ್‌ಲಿನ್ ಒಂದೇ ಮಠಶಾಲೆಯಲ್ಲಿ ಜೊತೆಯಾಗಿದ್ದದ್ದು ಇಲ್ಲಿ. ಧಾರವಾಡದಿಂದ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಓದಿಗೆಂದು ಬಂದಿಳಿದ ನನಗೆ ಈ ಹೆಸರುಗಳಲ್ಲಿ ಅರ್ಧದಷ್ಟು ಹೊಸವಾಗಿದ್ದವು.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕುತ್ತವೆ. ದಿನಸಿಯನ್ನು ಶನಿವಾರ ಸಂಜೆಯೊಳಗೇ ತಂದಿಟ್ಟುಕೊಳ್ಳಬೇಕು. ಹೊಸದಾಗಿ ಬಂದವರಿಗೆ, ಅದರಲ್ಲೂ ನವೆಂಬರ್ ಕಳೆದ ಮೇಲೆ ನಾಲ್ಕೂವರೆಗೆಲ್ಲ ಕತ್ತಲಾಗುವ ದಿನಗಳಲ್ಲಿ, ಭಾನುವಾರವೆಂದರೆ ಕೋಣೆಯ ಗೋಡೆಗಳೇ ಮೈಮೇಲೆ ಬಂದಂತೆ ಅನ್ನಿಸುತ್ತದೆ. ಆದರೆ ಆ ದಿನ ಮ್ಯೂಸಿಯಂಗಳು ತೆರೆದಿರುತ್ತವೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ, ಒಳಗೆ ಬೆಚ್ಚಗಿರುತ್ತದೆ, ಎಷ್ಟು ಹೊತ್ತು ನಿಂತರೂ ಯಾರೂ ಏನೂ ಕೇಳುವುದಿಲ್ಲ. ನನ್ನ ಅಭ್ಯಾಸ ಬೆಳೆದದ್ದು ಹೀಗೆ. ಫಲಕಗಳ ಜರ್ಮನ್ ವಾಕ್ಯಗಳನ್ನು ಮೊದಮೊದಲು ಒಂದೊಂದೇ ಪದ ಬಿಡಿಸಿ ಓದುತ್ತಿದ್ದೆ; ಬರಬರುತ್ತ ಒಂದೇ ಓದಿಗೆ ಅರ್ಥವಾಗತೊಡಗಿದವು. ಭಾಷಾ ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚಿನ ಜರ್ಮನ್ ನನಗೆ ಬಂದದ್ದು ಗಾಜಿನ ಪೆಟ್ಟಿಗೆಗಳ ಪಕ್ಕ ನಿಂತೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಊರಿನ ನೆತ್ತಿಯ ಮೇಲಿರುವ ಹೋಹೆನ್‌ಟ್ಯೂಬಿಂಗನ್ ಕೋಟೆಯಿಂದಲೇ ಶುರು ಮಾಡಬೇಕು. ಕಲ್ಲು ಹಾಸಿದ ಕಡಿದಾದ ಓಣಿಯಲ್ಲಿ ಏರಿ ಹೋದರೆ ಕೆತ್ತನೆಯ ಮಹಾದ್ವಾರ, ಅದನ್ನು ದಾಟಿದರೆ ನಾಲ್ಕೂ ಕಡೆ ಕಟ್ಟಡಗಳಿರುವ ಅಂಗಳ. ಇದು ವಿಶ್ವವಿದ್ಯಾಲಯದ ಸ್ವತ್ತು. ಪುರಾತತ್ವದ ವಿಭಾಗಗಳು ಇಲ್ಲೇ ಇವೆ, ಅವುಗಳ ಸಂಗ್ರಹಾಲಯವೂ ಇಲ್ಲೇ. ಅಂಗಳದ ಒಂದು ಮಗ್ಗುಲಲ್ಲಿ ಕೋಟೆಯ ಹಳೆಯ ಅಡುಗೆಮನೆಯಿದೆ. ಕಮಾನಿನ ಚಾವಣಿ, ದಪ್ಪ ಗೋಡೆ, ಆ ಗೋಡೆಯ ಆಳದಲ್ಲಿ ಹುದುಗಿದ ಕಿಟಕಿಗಳು. 19ನೇ ಶತಮಾನದಲ್ಲಿ ಇದು ವಿಶ್ವವಿದ್ಯಾಲಯದ ಪ್ರಯೋಗಾಲಯವಾಗಿತ್ತು. ರಕ್ತದ ಕೆಂಪು ವಸ್ತುವಿಗೆ 1864ರಲ್ಲಿ ಹಿಮೋಗ್ಲೋಬಿನ್ ಎಂಬ ಹೆಸರು ಕೊಟ್ಟ ಫೀಲಿಕ್ಸ್ ಹೋಪೆ-ಜೈಲರ್ ಈ ಕೋಟೆಯಲ್ಲೇ ಕೆಲಸ ಮಾಡುತ್ತಿದ್ದರು. ಅವರ ಬಳಿ ಕಲಿಯಲು 1868ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಿಂದ ಬಂದ ಇಪ್ಪತ್ತನಾಲ್ಕರ ಯುವಕ ಫ್ರೀಡ್ರಿಶ್ ಮೀಶರ್.

ಮೀಶರ್ ಅವರಿಗೆ ಬೇಕಾಗಿದ್ದದ್ದು ರಕ್ತದ ಬಿಳಿಯ ಕಣಗಳು. ಅವು ಹೇರಳವಾಗಿ ಸಿಗುತ್ತಿದ್ದದ್ದು ಊರಿನ ಶಸ್ತ್ರಚಿಕಿತ್ಸಾಲಯದಲ್ಲಿ ರೋಗಿಗಳ ಗಾಯಕ್ಕೆ ಸುತ್ತಿ ತೆಗೆದ ಬಟ್ಟೆಗಳ ಕೀವಿನಲ್ಲಿ. ಆ ಬಟ್ಟೆಗಳನ್ನು ತರಿಸಿಕೊಂಡು, ಲವಣದ ದ್ರಾವಣದಲ್ಲಿ ತೊಳೆದು ಜೀವಕೋಶಗಳನ್ನು ಬೇರ್ಪಡಿಸಿ, ಹಂದಿಯ ಜಠರದಿಂದ ತೆಗೆದ ಪಾಚಕರಸದಿಂದ ಅವುಗಳ ಪ್ರೋಟೀನನ್ನು ಕರಗಿಸಿ, ಉಳಿದ ಕೋಶಕೇಂದ್ರಗಳಿಂದ ಅವರು ಒಂದು ಹೊಸ ವಸ್ತುವನ್ನು ಹೊರತೆಗೆದರು. ಅದು ಕ್ಷಾರದಲ್ಲಿ ಕರಗುತ್ತಿತ್ತು, ಆಮ್ಲ ಬೆರೆಸಿದರೆ ಮತ್ತೆ ಗರಣೆಗಟ್ಟುತ್ತಿತ್ತು. ಅದರಲ್ಲಿ ರಂಜಕ ಹೆಚ್ಚಾಗಿತ್ತು. ಆವರೆಗೆ ತಿಳಿದಿದ್ದ ಯಾವ ಪ್ರೋಟೀನಿನ ಗುಣಕ್ಕೂ ಅದು ಹೊಂದುತ್ತಿರಲಿಲ್ಲ. 1869ರಲ್ಲಿ ಕಂಡ ಆ ವಸ್ತುವನ್ನು ಅವರು ನ್ಯೂಕ್ಲಿಯಿನ್ ಎಂದು ಕರೆದರು. ನಾವು ಇಂದು ಡಿಎನ್ಎ ಎನ್ನುವುದನ್ನು ಮನುಷ್ಯ ಮೊದಲ ಬಾರಿಗೆ ಬೇರ್ಪಡಿಸಿ ಕಂಡದ್ದು ಈ ಅಡುಗೆಮನೆಯಲ್ಲಿ.

ಇದೆಲ್ಲ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಪದವಿಯಲ್ಲಿ ನಾನೂ ಆ ಸಾಲನ್ನು ಪರೀಕ್ಷೆಗಾಗಿ ಓದಿದ್ದೆ. ಆ ಸಾಲಿನಲ್ಲಿ ಕೀವು ಹತ್ತಿದ ಬಟ್ಟೆಯ ವಾಸನೆ ಇರಲಿಲ್ಲ, ಆ ಕಿಟಕಿಯ ಮಂದ ಬೆಳಕೂ ಇರಲಿಲ್ಲ. ಅಡುಗೆಮನೆಯ ಪ್ರದರ್ಶನದಲ್ಲಿ ಒಂದು ಗಾಜಿನ ಪುಟ್ಟ ಕೊಳವೆಯಿದೆ. ಮೀಶರ್ ಮುಂದೆ ಬಾಸೆಲ್‌ನಲ್ಲಿ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಿಂದ ತಯಾರಿಸಿದ ನ್ಯೂಕ್ಲಿಯಿನ್ ಅದರಲ್ಲಿದೆ. ಕೊಳವೆಯ ತಳದಲ್ಲಿ ಕಂದು ಛಾಯೆಯ ಒಣ ಪುಡಿ, ಹೊರಮೈಗೆ ಅಂಟಿಸಿದ ಹಳೆಯ ಚೀಟಿಯ ಮೇಲೆ ಅದರ ಹೆಸರು. ನಾನು ವಾರವಿಡೀ ನನ್ನ ಪ್ರಯೋಗಾಲಯದಲ್ಲಿ ಸಿದ್ಧ ಕಿಟ್ ಬಳಸಿ ಒಂದೆರಡು ಗಂಟೆಯಲ್ಲಿ ತೆಗೆಯುವ ವಸ್ತು ಅದೇ. ನಮ್ಮ ಕೊಳವೆಗಳಿಗೂ ಹೀಗೆಯೇ ಚೀಟಿ ಅಂಟಿಸುತ್ತೇವೆ. ತಾರೀಖು, ಹೆಸರಿನ ಮೊದಲಕ್ಷರ ಬರೆಯುತ್ತೇವೆ. ಆ ಚೀಟಿಯ ಎದುರು ನಿಂತಾಗ, ನಾನು ಓದುತ್ತಿರುವ ಶಾಸ್ತ್ರಕ್ಕೆ ಒಂದು ವಂಶಾವಳಿಯಿದೆ ಮತ್ತು ಅದರ ಕೊನೆಯ ಕೊಂಡಿಗಳಲ್ಲಿ ನಾನೂ ಒಬ್ಬಳು ಎಂಬ ಭಾವ ಮೊದಲ ಬಾರಿಗೆ ಮೈಗೆ ತಾಗಿತು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಶಿಷ್ಯ ಕಂಡದ್ದನ್ನು ಹೋಪೆ-ಜೈಲರ್ ಕೂಡಲೇ ಅಚ್ಚಿಗೆ ಕಳಿಸಲಿಲ್ಲ. ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ, ಫಲಿತಾಂಶ ಸರಿಯಿದೆ ಎಂದು ಮನಗಂಡ ಮೇಲೆಯೇ, 1871ರಲ್ಲಿ, ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವೇಳೆಗೆ ಮೀಶರ್ ಊರು ಬಿಟ್ಟಾಗಿತ್ತು. ಕಾದ ಆ ಅವಧಿ ಯುವಕನಿಗೆ ಎಷ್ಟು ದೀರ್ಘವಾಗಿ ತೋರಿರಬೇಕು! ಆದರೆ ಗುರುವಿನದು ಕಾಲೆಳೆಯುವ ಬುದ್ಧಿಯಾಗಿರಲಿಲ್ಲ. ತಾನು ಮಾಡಿ ನೋಡದೆ ಇನ್ನೊಬ್ಬರ ಮಾತಿಗೆ ಸಹಿ ಹಾಕುವುದಿಲ್ಲ ಎಂಬ ನಿಷ್ಠೆ ಅದು. ಮೀಶರ್ ಕ್ಷಯರೋಗದಿಂದ 1895ರಲ್ಲಿ ತೀರಿಕೊಂಡರು. ಆ ವಸ್ತುವೇ ಆನುವಂಶಿಕತೆಯ ವಾಹಕ ಎಂದು ತೋರಿಸುವ ಪ್ರಯೋಗ ಪ್ರಕಟವಾದದ್ದು 1944ರಲ್ಲಿ, ಅದರ ರಚನೆ ತಿಳಿದದ್ದು 1953ರಲ್ಲಿ. ತಾನು ಹಿಡಿದದ್ದು ಏನೆಂಬುದು ಪೂರ್ತಿಯಾಗಿ ತಿಳಿಯದೆಯೇ ಅವರು ಅದನ್ನು ಅಷ್ಟು ಜೋಪಾನವಾಗಿ ಚೀಟಿ ಅಂಟಿಸಿ ಇಟ್ಟಿದ್ದರು.

ಅದೇ ಕೋಟೆಯ ಇನ್ನೊಂದು ಪಾರ್ಶ್ವದಲ್ಲಿ, ಬೆಳಕು ತಗ್ಗಿಸಿದ ಕೋಣೆಯೊಂದರಲ್ಲಿ, ಮ್ಯಾಮತ್ ಎಂಬ ಹಿಮಯುಗದ ಆನೆಯ ದಂತದಲ್ಲಿ ಕೆತ್ತಿದ ಪ್ರಾಣಿಗಳಿವೆ. ಅವುಗಳಲ್ಲಿ ಹೆಸರಾದದ್ದು ಒಂದು ಕುದುರೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ. ಕಾಲುಗಳು ಮುರಿದುಹೋಗಿವೆ. ಆದರೂ ಆ ಕತ್ತಿನ ಬಾಗು, ತಲೆ ತಗ್ಗಿಸಿರುವ ರೀತಿ, ಬೆನ್ನಿನ ಒಂದೇ ಗೆರೆಯ ಇಳಿತ ನೋಡಿದರೆ ಕೆತ್ತಿದವರು ಕುದುರೆಗಳನ್ನು ಎಷ್ಟು ಕಾಲ ನೋಡುತ್ತ ಕುಳಿತಿರಬೇಕು ಅನ್ನಿಸುತ್ತದೆ. ಹತ್ತಿರ ಬಾಗಿದರೆ ಕತ್ತಿನ ಹಿಂಬದಿಯಲ್ಲಿ, ಬೆನ್ನಿನ ಮೇಲೆ ಕೊರೆದ ಕತ್ತರಿ ಗುರುತುಗಳು ಕಾಣುತ್ತವೆ. ಮೈ ನುಣುಪಾಗಿದೆ. ಅಲ್ಲಿರುವ ಬೇರೆ ಪ್ರಾಣಿಗಳಲ್ಲಿ ಸಿಂಹವಿದೆ, ಮ್ಯಾಮತ್ ಇದೆ, ಕಾಡೆಮ್ಮೆಯಿದೆ. ಇವುಗಳ ವಯಸ್ಸು 35 ಸಾವಿರದಿಂದ 40 ಸಾವಿರ ವರ್ಷ. ಮನುಷ್ಯ ಮಾಡಿದ ಶಿಲ್ಪಗಳೆಂದು ನಮಗೆ ತಿಳಿದಿರುವ ಅತಿ ಪ್ರಾಚೀನ ವಸ್ತುಗಳ ಸಾಲಿನಲ್ಲಿ ಇವು ಬರುತ್ತವೆ. ಗಾಜಿಗೂ ಮೂಗಿಗೂ ಒಂದು ಗೇಣು ಅಂತರದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಕೋಣೆಯಲ್ಲಿ ಇವನ್ನು ಸಾವಕಾಶವಾಗಿ ನೋಡಬಹುದು. ಇಷ್ಟು ಹಳೆಯ, ಇಷ್ಟು ಬೆಲೆಬಾಳುವ ವಸ್ತುವಿನ ಜೊತೆ ಹೀಗೆ ಒಬ್ಬರೇ ಇರಲು ಸಿಗುವುದು ಸಣ್ಣ ಊರಿನ ಭಾಗ್ಯ.

ಇವು ಸಿಕ್ಕಿದ್ದು ಟ್ಯೂಬಿಂಗನ್‌ನ ಪೂರ್ವಕ್ಕಿರುವ ಸುಣ್ಣಕಲ್ಲಿನ ಬೆಟ್ಟಸಾಲಿನ ಲೋನೆ ಕಣಿವೆಯ ಫೋಗೆಲ್‌ಹೆರ್ಡ್ ಎಂಬ ಗುಹೆಯಲ್ಲಿ. 1931ರಲ್ಲಿ ಟ್ಯೂಬಿಂಗನ್‌ನ ಪುರಾತತ್ವಜ್ಞ ಗುಸ್ತಾಫ್ ರೀಕ್ ಕೆಲವೇ ತಿಂಗಳುಗಳಲ್ಲಿ ಇಡೀ ಗುಹೆಯನ್ನು ಅಗೆದು ಖಾಲಿ ಮಾಡಿದರು. ಅಗೆದ ಮಣ್ಣು ಗುಹೆಯ ಬಾಯಿಯೆದುರು ರಾಶಿಯಾಗಿ ಉಳಿಯಿತು. ಅವರು ಸೂಕ್ಷ್ಮ ಕಣ್ಣಿನವರೇ. ಕುದುರೆಯನ್ನು ಕಂಡವರು ಅವರೇ. ಆದರೆ ಆ ಕಾಲದ ವೇಗದ ಅಗೆತದಲ್ಲಿ ಸಣ್ಣ ಚೂರುಗಳು ಮಣ್ಣಿನೊಡನೆ ಹೊರಗೆ ಹೋಗಿದ್ದವು. ಏಳು ದಶಕಗಳ ಮೇಲೆ, 2005ರಿಂದ, ಪುರಾತತ್ವಜ್ಞ ನಿಕೋಲಸ್ ಕೋನಾರ್ಡ್ ಅವರ ತಂಡ ಆ ಹೊರಚೆಲ್ಲಿದ ಮಣ್ಣನ್ನೇ ಮತ್ತೆ ಅಗೆದು, ಚೀಲಗಳಲ್ಲಿ ತುಂಬಿ, ನೀರು ಹಾಯಿಸಿ ಜರಡಿ ಹಿಡಿದು, ಉಳಿದ ಹರಳು ಮೂಳೆಗಳನ್ನು ಒಣಗಿಸಿ ಒಂದೊಂದಾಗಿ ಆರಿಸಿತು. 2006ರಲ್ಲಿ ಅದರಲ್ಲಿ ಒಂದು ಪೂರ್ಣ ಮ್ಯಾಮತ್ ಸಿಕ್ಕಿತು. ನಾಲ್ಕು ಸೆಂಟಿಮೀಟರಿಗೂ ಚಿಕ್ಕದು. ಸೊಂಡಿಲು, ಚೂಪು ಬಾಲ, ಗಟ್ಟಿ ಕಾಲು ಎಲ್ಲವೂ ಇರುವಂಥದು.

ನನಗೆ ಅದಕ್ಕಿಂತ ಹೆಚ್ಚು ಪ್ರಿಯವಾದದ್ದು ಸಿಂಹದ ಕಥೆ. 1931ರಲ್ಲಿ ಸಿಕ್ಕಿದ್ದ ಒಂದು ಸಿಂಹಕ್ಕೆ ತಲೆಯ ಒಂದು ಭಾಗ ಇರಲಿಲ್ಲ. ಅದನ್ನು ಎಂಬತ್ತು ವರ್ಷ ಎಲ್ಲರೂ ಒಂದು ಮಗ್ಗುಲಿನ ಉಬ್ಬುಶಿಲ್ಪವೆಂದೇ ತಿಳಿದಿದ್ದರು. ಹೊರಚೆಲ್ಲಿದ ಮಣ್ಣಿನ ಜರಡಿಯಲ್ಲಿ ಸಿಕ್ಕ ದಂತದ ಚೂರೊಂದು ಆ ಕೊರತೆಗೆ ಸರಿಯಾಗಿ ಕೂತಿತು. 2014ರಲ್ಲಿ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದಾಗ ಅದು ದುಂಡು ಶಿಲ್ಪವೆಂಬುದು ಖಚಿತವಾಯಿತು. ಈಗ ಎರಡೂ ತುಂಡುಗಳು ಕೂಡಿಕೊಂಡು ನಿಂತಿವೆ. ಸೇರಿದ ಜಾಗದ ಗೆರೆ ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಮೂರು ವಾರ ಕೈಕೊಟ್ಟು ನಾನು ತೀರಾ ಬೇಸತ್ತಿದ್ದ ದಿನಗಳಲ್ಲಿ ಈ ಸಿಂಹದ ಮುಂದೆ ಹೋಗಿ ನಿಲ್ಲುತ್ತಿದ್ದೆ. ಒಬ್ಬರು ಬಿಸಾಡಿದ ಮಣ್ಣನ್ನು ಇನ್ನೊಬ್ಬರು ವರ್ಷಗಟ್ಟಲೆ ಸೋಸಿ ತಲೆಯ ಚೂರನ್ನು ಹುಡುಕಿ ತಂದು ಜೋಡಿಸಿದ್ದಾರೆ ಎಂಬುದು ಯಾವ ಉಪದೇಶಕ್ಕಿಂತಲೂ ನನಗೆ ಹೆಚ್ಚು ಬಲ ಕೊಡುತ್ತಿತ್ತು.

ಆ ಬೆಟ್ಟಸಾಲಿನ ಆರು ಗುಹೆಗಳನ್ನು 2017ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯ ಕೋಣೆಯಲ್ಲಿ ನೋಡಿದ್ದನ್ನು ಅದು ಸಿಕ್ಕ ನೆಲದಲ್ಲಿ ನೋಡಬೇಕೆಂದು ಒಂದು ಬೇಸಿಗೆಯಲ್ಲಿ ಸಹಪಾಠಿಗಳೊಡನೆ ಬ್ಲೌಬೊಯ್‌ರೆನ್ ಎಂಬ ಊರಿಗೆ ಹೋದೆ. ಅಲ್ಲೊಂದು ಆಳವಾದ ನೀರಿನ ಬುಗ್ಗೆಯಿದೆ. ಅದರ ದಟ್ಟ ನೀಲಿ ಬಣ್ಣವನ್ನು ಕಣ್ಣಾರೆ ಕಂಡೇ ನಂಬಬೇಕು. ಊರಿನ ಪ್ರಾಗಿತಿಹಾಸ ಮ್ಯೂಸಿಯಂನಲ್ಲಿ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ ಹೆಣ್ಣಿನ ಮೂರ್ತಿಯಿದೆ. ಆರು ಸೆಂಟಿಮೀಟರ್ ಎತ್ತರ; ತಲೆಯ ಜಾಗದಲ್ಲಿ ಒಂದು ಸಣ್ಣ ಬಳೆ, ಬಹುಶಃ ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು. ಅದೇ ವರ್ಷ ಅದೇ ಗುಹೆಯಲ್ಲಿ ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ ಐದು ರಂಧ್ರಗಳ ಕೊಳಲೂ ಸಿಕ್ಕಿತ್ತು. ಅದರ ಪ್ರತಿಕೃತಿಯನ್ನು ಊದಿದ ಧ್ವನಿಮುದ್ರಣವನ್ನು ಕೇಳಿದೆವು. ಜೊತೆಗಿದ್ದವಳು ಇರಾನಿನ ಹುಡುಗಿ, ತನ್ನ ಊರಿನ ನೇಯ್ ವಾದ್ಯದ ಸ್ವರದಂತಿದೆ ಎಂದಳು. ನನಗೆ ನಮ್ಮ ಕೊಳಲಿನ ಮೇಲಿನ ಸ್ಥಾಯಿ ನೆನಪಾಗಿತ್ತು.

ಮ್ಯೂಸಿಯಂನಿಂದ ಹೋಲೆ ಫೆಲ್ಸ್ ಗುಹೆ ದೂರವಿಲ್ಲ. ಒಳಗೆ ಹೋದರೆ ಇಕ್ಕಟ್ಟಾದ ಹಾದಿ, ಆಮೇಲೆ ಒಮ್ಮೆಲೇ ತೆರೆದುಕೊಳ್ಳುವ ಭಾರಿ ಗಾತ್ರದ ಪಡಸಾಲೆ. ಹೊರಗೆ ಸೆಕೆಯಿದ್ದರೂ ಒಳಗೆ ಚಳಿ. ಅಗೆತದ ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಎಷ್ಟು ಆಳದಲ್ಲಿ ಆ ಮೂರ್ತಿ ಮಲಗಿತ್ತು ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ. ವಸ್ತು, ಅದನ್ನು ಓದಿದವರ ಸಂಸ್ಥೆ, ಅದು ಸಿಕ್ಕ ನೆಲ, ಇವು ಮೂರೂ ಒಂದೇ ಸೀಮೆಯೊಳಗೆ ಇರುವುದರ ಲಾಭ ನನಗೆ ಪೂರ್ತಿ ಅರ್ಥವಾದದ್ದು ಆ ಗುಂಡಿಯ ಅಂಚಿನಲ್ಲಿ. ಸಮೀಪದ ಉಲ್ಮ್ ನಗರದ ಮ್ಯೂಸಿಯಂನಲ್ಲಿ ಸಿಂಹದ ತಲೆಯ ಮನುಷ್ಯನ ಮೂರ್ತಿಯಿದೆ. ಅದು 1939ರ ಆಗಸ್ಟ್‌ನಲ್ಲಿ, ಯುದ್ಧ ಶುರುವಾಗುವ ಕೆಲವೇ ದಿನಗಳ ಮುಂಚೆ, ನೂರಾರು ಚೂರುಗಳಾಗಿ ಸಿಕ್ಕಿತು. ಅಗೆತ ಅಲ್ಲಿಗೇ ನಿಂತಿತು. ಚೂರುಗಳು ಪೆಟ್ಟಿಗೆಯಲ್ಲೇ ಉಳಿದವು. 1969ರಲ್ಲಷ್ಟೇ ಅವನ್ನು ಜೋಡಿಸಲು ತೊಡಗಿದರು. ನರಸಿಂಹನ ಕಥೆ ಕೇಳಿ ಬೆಳೆದ ನಮ್ಮಂಥವರು ಆ ಮೂರ್ತಿಯ ಮುಂದೆ ಬೇಗನೆ ಹೋಲಿಕೆಗೆ ಇಳಿದುಬಿಡುತ್ತೇವೆ. ನಾನು ಹಾಗೆ ಮಾಡಬಾರದೆಂದುಕೊಂಡೆ. ಅವರ ಕಥೆ ಏನಿತ್ತೋ, ಅದನ್ನು ಹೇಳುವ ಮಾತು ಯಾವುದೂ ಉಳಿದಿಲ್ಲ; ನಮ್ಮ ಕಥೆಯನ್ನು ಅದರ ಮೇಲೆ ಹೊದಿಸುವುದು ನ್ಯಾಯವಲ್ಲ.

ನೆಲದ ಹತ್ತಿರ ಇರುವ ವಸ್ತುಗಳನ್ನು ಇಷ್ಟು ಮೆಚ್ಚಿಕೊಂಡ ಮೇಲೆ, ನೆಲದಿಂದ ಕಿತ್ತು ತಂದವುಗಳ ಬಗ್ಗೆಯೂ ಹೇಳಲೇಬೇಕು. ಟ್ಯೂಬಿಂಗನ್ ಕೋಟೆಯಲ್ಲೇ ಈಜಿಪ್ಟಿನ ಗೀಜಾದಿಂದ 20ನೇ ಶತಮಾನದ ಆರಂಭದಲ್ಲಿ ತಂದ ಸಮಾಧಿಯ ಪೂಜಾಕೋಣೆಯೊಂದಿದೆ. ಸುಮಾರು 4,400 ವರ್ಷಗಳ ಹಿಂದಿನ ಸೆಶೆಮ್ನೋಫರ್ ಎಂಬ ಅಧಿಕಾರಿಯದು. ಕಾಣಿಕೆ ಹೊತ್ತು ಬರುವವರ ಸಾಲು, ದನಗಳು, ಹಕ್ಕಿಗಳು, ಬುಟ್ಟಿಗಳು ಗೋಡೆಯ ತುಂಬ ಕೆತ್ತಿವೆ. ಕೆಲಸ ಅದ್ಭುತ. ಆದರೆ ತೀರಿಹೋದವನಿಗೆ ನಿತ್ಯ ಅನ್ನ ನೀರು ಮುಟ್ಟಲಿ ಎಂದು ಅವನ ಮಕ್ಕಳು ಮೊಮ್ಮಕ್ಕಳ ಕಾಲದ ಜನ ನಂಬಿ ಕಟ್ಟಿದ ಕೋಣೆ, ಮರುಭೂಮಿಯ ಅಂಚಿನಿಂದ ಮಳೆ ಬೀಳುವ ಈ ಗುಡ್ಡಕ್ಕೆ ಬಂದಿದೆಯಲ್ಲ ಎಂದು ನನಗೆ ಅಲ್ಲಿ ಸಂಕಟವಾಗುತ್ತದೆ. ಅದು ಅಂದಿನ ಅನುಮತಿ ಪಡೆದು ನಡೆದ ಉತ್ಖನನ ಎಂಬುದು ಆ ಸಂಕಟವನ್ನು ಪೂರ್ತಿ ಕಳೆಯುವುದಿಲ್ಲ.

ಟ್ಯೂಬಿಂಗನ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಸ್ಟುಟ್‌ಗಾರ್ಟ್ ನಗರದಲ್ಲಿ ಲಿಂಡನ್ ಮ್ಯೂಸಿಯಂ ಇದೆ. ಜಗತ್ತಿನ ಬೇರೆ ಬೇರೆ ಜನಾಂಗಗಳ ವಸ್ತುಗಳ ಸಂಗ್ರಹ ಅದು. ಕಾಶ್ಮೀರದಿಂದ ಕಳವಾಗಿದ್ದ, ಸುಮಾರು 10ನೇ ಶತಮಾನದ ಮಹಿಷಮರ್ದಿನಿ ದುರ್ಗೆಯ ಶಿಲ್ಪ 2000ದಲ್ಲಿ ಮಾರಾಟಗಾರರ ಮೂಲಕ ಇಲ್ಲಿಗೆ ಬಂದು ಸೇರಿತ್ತು. ಕಳವಿನ ವಿಷಯ ಹೊರಬಿದ್ದ ಮೇಲೆ ಅದನ್ನು ಹಿಂದಿರುಗಿಸಲು ಒಪ್ಪಲಾಯಿತು. 2015ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಅದನ್ನು ಒಪ್ಪಿಸಿದರು. 2019ರಲ್ಲಿ ಜರ್ಮನ್ ವಸಾಹತು ಆಳ್ವಿಕೆಯ ವಿರುದ್ಧ ಹೋರಾಡಿದ ನಮೀಬಿಯಾದ ನಾಯಕ ಹೆಂಡ್ರಿಕ್ ವಿಟ್‌ಬೋಯಿ ಅವರ ಬೈಬಲ್ ಮತ್ತು ಚಾವಟಿಯೂ ಇದೇ ಮ್ಯೂಸಿಯಂನಿಂದ ತಮ್ಮ ನೆಲಕ್ಕೆ ಮರಳಿದವು. ಭಾರತೀಯ ವಿದ್ಯಾರ್ಥಿಯಾಗಿ ಅಲ್ಲಿ ಅಡ್ಡಾಡುವಾಗ ಪ್ರತಿ ವಸ್ತುವಿನ ಮುಂದೆಯೂ ಅದು ಬಂದ ದಾರಿಯನ್ನು ಹುಡುಕುತ್ತೇನೆ. ಫಲಕದಲ್ಲಿ ಆ ದಾರಿಯನ್ನು ಬರೆದಿದ್ದರೆ ಮನಸ್ಸಿಗೆ ನೆಮ್ಮದಿ. ಇಂತಹ ಫಲಕಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ ಎಂಬುದನ್ನೂ ಹೇಳಬೇಕು.

ತಮ್ಮ ಚರಿತ್ರೆಯ ಕೆಟ್ಟ ಪುಟವನ್ನು ತೆರೆದಿಡುವ ಈ ರೂಢಿಯನ್ನು ಊರಿನ ಸ್ಮಶಾನದಲ್ಲೂ ಕಂಡೆ. ಅಲ್ಲೊಂದು ಮೂಲೆಗೆ ಎಕ್ಸ್ ಎಂಬ ಗುರುತು. ವಿಶ್ವವಿದ್ಯಾಲಯದ ಅಂಗರಚನಾ ವಿಭಾಗ ಬಳಸಿದ ದೇಹಗಳನ್ನು ಹೂಳುತ್ತಿದ್ದ ಜಾಗ ಅದು. ನಾಜಿ ಆಡಳಿತದಲ್ಲಿ ಕೊಲ್ಲಲ್ಪಟ್ಟವರು, ಬಲವಂತದ ದುಡಿಮೆಗೆ ಹಿಡಿದು ತಂದವರು, ಯುದ್ಧಕೈದಿಗಳು ಹೀಗೆ ನೂರಾರು ಜನ ಅಲ್ಲಿದ್ದಾರೆ. ಅವರ ಹೆಸರುಗಳನ್ನು ಫಲಕಗಳ ಮೇಲೆ ಬರೆಸಿದ್ದಾರೆ. ಜೀವವಿಜ್ಞಾನ ಓದುವ ಪ್ರತಿಯೊಬ್ಬರೂ ಒಮ್ಮೆಯಾದರೂ ಅಲ್ಲಿಗೆ ಹೋಗಬೇಕು.

ನದಿಯ ಅಂಚಿನಲ್ಲಿ ನಿಂತಿರುವ ಹಳದಿ ಗೋಪುರವನ್ನು ಟ್ಯೂಬಿಂಗನ್‌ನ ಎಲ್ಲ ಚಿತ್ರಗಳಲ್ಲೂ ಕಾಣಬಹುದು. ಕವಿ ಹೋಲ್ಡರ್‌ಲಿನ್ ಬುದ್ಧಿ ಕದಡಿ ಇಲ್ಲಿನ ಚಿಕಿತ್ಸಾಲಯಕ್ಕೆ ಸೇರಿದ್ದರು. 1807ರಲ್ಲಿ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಿಯಾರು ಎಂದು ಹೇಳಿ ಅವರನ್ನು ಹೊರಗೆ ಕಳಿಸಿದಾಗ, ಅವರ ಬರಹವನ್ನು ಓದಿ ಮೆಚ್ಚಿದ್ದ ಎರ್ನ್ಸ್ಟ್ ತ್ಸಿಮರ್ ಎಂಬ ಬಡಗಿ ತನ್ನ ಮನೆಗೆ ಕರೆತಂದು ಈ ಗೋಪುರದ ಕೋಣೆಯಲ್ಲಿ ಇರಿಸಿಕೊಂಡ. ಕವಿ ಅಲ್ಲಿ ಮೂವತ್ತಾರು ವರ್ಷ ಬದುಕಿದರು. ಬಡಗಿ 1838ರಲ್ಲಿ ತೀರಿಕೊಂಡ ಮೇಲೆ ಅವನ ಮಗಳು ಲೊಟೆ ನೋಡಿಕೊಂಡಳು. 1843ರಲ್ಲಿ ಕವಿ ಕಣ್ಣುಮುಚ್ಚಿದರು. ಗೋಪುರ ಒಮ್ಮೆ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಹಾಗಾಗಿ ಕೋಣೆ ಹಳೆಯದೇ ಅಲ್ಲ. ಆದರೆ ಕಿಟಕಿಯಾಚೆಯ ನದಿ, ಎದುರಿನ ದಡದ ಮರಗಳು ಅವೇ. ಆ ಕವಿಯ ಪದ್ಯಗಳು ನನ್ನ ಜರ್ಮನ್‌ಗೆ ಇನ್ನೂ ನಿಲುಕುವುದಿಲ್ಲ. ನಾನು ಅಲ್ಲಿಗೆ ಹೋಗುವುದು ಬಡಗಿಯ ಮನೆಯವರಿಗಾಗಿ. ರಕ್ತಸಂಬಂಧವಿಲ್ಲದ ರೋಗಿಯೊಬ್ಬರಿಗೆ ಎರಡು ತಲೆಮಾರು ಊಟ ಬಡಿಸಿ, ಬಟ್ಟೆ ಒಗೆದು, ಅವರ ಸಿಟ್ಟನ್ನು ಸಹಿಸಿದ ಕುಟುಂಬಕ್ಕೆ ಕವಿಯಷ್ಟೇ ಗೌರವ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಊರಿನ ಇನ್ನೊಂದು ನಂಟನ್ನು ನೆನಪಿಸಿದ್ದು ಅಪ್ಪ. "ಕಿಟೆಲ್ ಸಾಹೇಬ್ರು ಕಡೀಕ ಅಲ್ಲೇ ಇದ್ದವ್ರಲ್ಲಾ, ಅವರ್ದೇನರ ಐತೇನು ನೋಡ್ವಾ" ಎಂದು ಫೋನಿನಲ್ಲಿ ಹೇಳಿದರು. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆ. ನನಗೆ ಆ ಹೆಸರು ಬಸ್ ನಿಲ್ದಾಣದ ಹೆಸರಿನಷ್ಟೇ ಪರಿಚಿತ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರಾಗಿ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಸುಮಾರು ಎರಡು ದಶಕ ದುಡಿದು ಕನ್ನಡ-ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಆ ನಿಘಂಟಿಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಇಲ್ಲಿ. 1858ರಲ್ಲಿ ಅವರಿಗೂ ಇಲ್ಲಿಯೇ ಗೌರವ ಡಾಕ್ಟರೇಟ್ ಸಂದಿತು. ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳು ಮೊದಲ ಬಾರಿಗೆ ಅಚ್ಚಿನ ಮುಖ ಕಂಡದ್ದರ ಹಿಂದೆ ಮೋಗ್ಲಿಂಗ್ ಅವರ ಶ್ರಮವಿತ್ತು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ನಿಘಂಟನ್ನು ತರಿಸಿಕೊಂಡು ನೋಡಿದೆ. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಕನ್ನಡ ಲಿಪಿಯಲ್ಲಿ ಪದ, ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂಬ ಸೂಚನೆ, ತಮಿಳು, ಮಲಯಾಳಂ, ತೆಲುಗು, ತುಳು ಭಾಷೆಗಳ ಅದರ ಬಳಗ, ಯಾವ ಕಾವ್ಯದಲ್ಲಿ ಬಳಕೆಯಾಗಿದೆ ಎಂಬ ಗುರುತು, ಅದರ ಕೆಳಗೆ ಹೊಲ, ಸಂತೆ, ಹಿತ್ತಲುಗಳಲ್ಲಿ ಜನ ಆಡುವ ಗಾದೆಗಳು. ಯಾರಾದರೂ ಕುಳಿತು ಹೇಳಿದ್ದನ್ನು ಕೇಳಿ ಬರೆದುಕೊಳ್ಳದೆ ಆ ಗಾದೆಗಳು ಅಲ್ಲಿಗೆ ಬರಲು ಸಾಧ್ಯವಿಲ್ಲ. ಹೇಳಿದವರಲ್ಲಿ ನಮ್ಮ ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಯ ಎಷ್ಟೋ ಜನರಿರಬೇಕು. ಮಿಶನರಿಗಳು ಬಂದ ಉದ್ದೇಶ ಧರ್ಮಪ್ರಚಾರ ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಈ ಪುಟಗಳಲ್ಲಿ ಭಾಷೆಯ ಮೇಲಿನ ಪ್ರೀತಿ ಆ ಉದ್ದೇಶವನ್ನು ಮೀರಿ ಬೆಳೆದಿದೆ ಎಂದು ಓದಿದ ಯಾರಿಗಾದರೂ ಅನ್ನಿಸದಿರದು. ಅದೇ ಗ್ರಂಥಾಲಯ ಕೇರಳದಲ್ಲಿ ದುಡಿದ ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ ಅವರ ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತಂದು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಮಲಯಾಳಂ ಪುಸ್ತಕಗಳೇ ಹೆಚ್ಚು. ಅವುಗಳ ಜೊತೆ ಕನ್ನಡ, ತುಳು ಪುಸ್ತಕಗಳೂ ಇವೆ. ಒಂದು ಪುಟವನ್ನು ಅಪ್ಪನಿಗೆ ಕಳಿಸಿದೆ. ಅವರು ಅದನ್ನು ಮುದ್ರಿಸಿಕೊಂಡು ತಮ್ಮ ಹಳೆಯ ಸಹೋದ್ಯೋಗಿಗಳಿಗೆಲ್ಲ ತೋರಿಸಿದರಂತೆ.

ರಜೆಗೆ ಊರಿಗೆ ಬಂದಾಗ ಬಳ್ಳಾರಿಗೆ ಹೋದೆ. ಸಂಗನಕಲ್ಲಿನ ಬೆಟ್ಟಗಳನ್ನು ಅದುವರೆಗೆ ನಾನು ನೋಡಿರಲಿಲ್ಲ. ನವಶಿಲಾಯುಗದ ಜನ ಅಲ್ಲಿನ ಕಪ್ಪು ಕಲ್ಲನ್ನು ಒಡೆದು, ಉಜ್ಜಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ತಟ್ಟಿ ತಟ್ಟಿ ಬಿದ್ದ ಹಳೆಯ ಕುಳಿಗಳು ಅಲ್ಲಿಯೇ ಇವೆ. ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯವಿದೆ. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ 1863ರಲ್ಲಿ ನಾಂದಿ ಹಾಡಿದ ಭೂವಿಜ್ಞಾನಿ ಫೂಟ್, ಈ ಬೆಟ್ಟಗಳನ್ನೂ ಸುತ್ತಿದವರು. ಆ ಸಂಗ್ರಹಾಲಯ ರೂಪುಗೊಳ್ಳಲು ಬಹಳ ಶ್ರಮಿಸಿದವರು ಪುರಾತತ್ವಜ್ಞ ರವಿ ಕೋರಿಶೆಟ್ಟರ್. ಕಲ್ಲಿನ ಕೊಡಲಿಗಳ ಅಂಚನ್ನು ಗಾಜಿನಾಚೆಯಿಂದ ನೋಡುತ್ತ, ಅವು ಸಿಕ್ಕ ಬೆಟ್ಟ ಕೆಲವೇ ಕಿಲೋಮೀಟರ್ ದೂರದಲ್ಲಿದೆ ಎಂಬ ಸಂಗತಿ ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಅದನ್ನು ಜೊತೆಗಿದ್ದ ತಮ್ಮನಿಗೆ ಮತ್ತೆ ಮತ್ತೆ ಹೇಳಿದೆ.

ಸಂಗನಕಲ್ಲು ಪ್ರದೇಶದ ಬಂಡೆಗಳಿಗೆ ಕಲ್ಲುಗಣಿಗಾರಿಕೆಯ ಅಪಾಯ ಹಳೆಯದು. ಒಡೆದು ಜಲ್ಲಿಯಾದ ಬಂಡೆಯ ಮೇಲಿನ ಕೆತ್ತನೆಯನ್ನು ಯಾವ ಜರಡಿಯೂ ಮರಳಿ ಕೊಡಲಾರದು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಬೆಳಕಿಗೆ ತಂದ, ಆದಿಮಾನವರು ಕಲ್ಲಿನ ಆಯುಧ ತಯಾರಿಸುತ್ತಿದ್ದ ತಾಣ ಸುಮಾರು ಹನ್ನೆರಡು ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು. ಫೋಗೆಲ್‌ಹೆರ್ಡ್‌ನ ಕುದುರೆಗಿಂತ ಅದೆಷ್ಟು ಪಾಲು ಹಿಂದಿನದು! ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗುವುದೆಂದು ನಾನೂ ತಮ್ಮನೂ ಮಾತಾಡಿಕೊಂಡಿದ್ದೇವೆ. ಧಾರವಾಡದ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಗೆಳತಿ, ತನ್ನ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಬಾರಿಯ ಪ್ರವಾಸಕ್ಕೆ ಬಳ್ಳಾರಿಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿದ್ದಾಳೆ. ಬೆಟ್ಟದ ಬುಡದಲ್ಲಿ ಮಕ್ಕಳಿಗೆ ಏನೇನು ತೋರಿಸಬೇಕೆಂದು ನಾವಿಬ್ಬರೂ ಬರೆದಿಟ್ಟುಕೊಳ್ಳುತ್ತಿದ್ದೇವೆ.